ಪ್ರತಿಕ್ರಿಯೆ: ಇನ್ನೊಂದು ನಕ್ಷೆ ಬೇಡ, ನಕ್ಷೆ ಹಳತಾಗುವ ಬಗೆ ನೋಡಿ

ಕೊಪ್ಪಳ ಜಿಲ್ಲೆಯ ಭೂಬಳಕೆ ನಕ್ಷೆ ಮಾಡಿದರೆ ಪಿಎಚ್‌ಡಿಗೆ ಸಾಕೇ, ದೇಶದ ನಕ್ಷಾ ಕಾರ್ಯಕ್ಕೆ ಅದು ನೆರವಾದೀತೇ ಎಂದು ಕೇಳಿದ್ದೀರಿ. ಸಾಲದು. ಭೂಬಳಕೆ ನಕ್ಷೆಗಳು ಇಸ್ರೋದ ಭುವನ್ ತಾಣದಲ್ಲಿ ಈಗಾಗಲೇ ಇವೆ. ಇರುವ ನಕ್ಷೆ ಎಲ್ಲಿ, ಎಷ್ಟು ಬೇಗ ಹಳತಾಗುತ್ತದೆ ಎಂಬುದನ್ನು ಹಿಡಿಯಿರಿ.

ಗಂಗಾವತಿ, ಸಿಂಧನೂರು ಕಡೆಯ ಕ್ಯಾಂಪ್‌ಗಳನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ಊರುಗಳು. ಒಮ್ಮೆ ಜಿಪಿಎಸ್ ಹಿಡಿದು ಅಂಥದ್ದೊಂದಕ್ಕೆ ಹೋಗಿದ್ದೆ. ರಸ್ತೆ ಬದಿಯ ಫಲಕದಲ್ಲಿ ಒಂದು ಹೆಸರು, ಶಾಲೆಯ ಗೋಡೆಯ ಮೇಲೆ ಇನ್ನೊಂದು, ಚಹಾದಂಗಡಿಯಲ್ಲಿ ಕೇಳಿದರೆ ಮೂರನೆಯದು! ನಕ್ಷೆಗೆ ಯಾವುದನ್ನು ಏರಿಸಬೇಕು, ಉಳಿದವನ್ನು ದತ್ತಾಂಶದಲ್ಲಿ ಹೇಗೆ ಉಳಿಸಬೇಕು? ಇದೊಂದೇ ಒಂದು ಪ್ರಬಂಧಕ್ಕೆ ಸಾಕು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ 2014ರಲ್ಲಿ ಬದಲಾಯಿತಲ್ಲ.

ತಂತ್ರದ ಕಡೆ ಒಲವಿದ್ದರೆ ನಕ್ಷೆಯ ಅಳತೆಯ (ಸ್ಕೇಲ್) ಸಮಸ್ಯೆ ಇದೆ. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಹೊಲಗಾಲುವೆ ಗೆರೆಯ ದಪ್ಪದಲ್ಲೇ ಮುಳುಗಿಹೋಗುತ್ತದೆ. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯಾದರೋ ಊರು, ಪಟ್ಟಣಗಳಿಗೆ 2030ರೊಳಗೆ 5ರಿಂದ 10 ಸೆಂಟಿಮೀಟರ್ ವಿವರದ ಸರ್ವೆ ಬಯಸುತ್ತದೆ. ಅಷ್ಟು ವಿವರದಿಂದ ಚಿಕ್ಕ ಅಳತೆಯ ನಕ್ಷೆಗೆ ತಾನಾಗಿ ಇಳಿಸುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಕಂಪ್ಯೂಟರಿಗೆ ಕಲಿಸುವುದು ಸುಲಭವಲ್ಲ.

ಕ್ಷೇತ್ರಕಾರ್ಯಕ್ಕೆ ಎರಡು ಸಲ ಹೋಗಿ: ನಾಟಿಯ ಹೊತ್ತಿಗೆ ಒಮ್ಮೆ, ಕೊಯ್ಲಾದ ಮೇಲೆ ಒಮ್ಮೆ. ನೀರು ನಿಂತ ಗದ್ದೆ ಉಪಗ್ರಹ ಚಿತ್ರದಲ್ಲಿ ಕೆರೆಯಂತೆಯೇ ಕಾಣುತ್ತದೆ. ಮತ್ತೆ, ಮಳೆ ಬಿದ್ದ ಎರೆ ಹೊಲಕ್ಕೆ ಬೈಕ್ ಇಳಿಸಬೇಡಿ.