ಆಷಾಢದ ಸೀರೆ, ಬಡ್ಡಿಯಿಲ್ಲದ ಕಂತು: ಚಿತ್ರಕಥೆಗಾರರೊಬ್ಬರಿಗೆ ಉತ್ತರ

ಪ್ರಿಯರೇ,

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. ಮಲ್ಲೇಶ್ವರದ ಮುದ್ರಣಾಲಯವೊಂದರಲ್ಲಿ ಲೆಕ್ಕ ಬರೆಯುವ ಮಧ್ಯವಯಸ್ಕನೊಬ್ಬ, ಕ್ರೆಡಿಟ್ ಕಾರ್ಡ್ ಕೈಗೆ ಬಂದ ವರ್ಷದೊಳಗೆ ಟಿ.ವಿ., ಫ್ರಿಜ್, ಕಾರು ಎಂದು ಕೊಳ್ಳುತ್ತ ಹೋಗಿ ಕೊನೆಗೆ ಹೆಂಡತಿಯ ಸರವನ್ನು ಗಿರವಿ ಇಡುವ ವಿಡಂಬನೆ ಅದು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ನಿಮ್ಮ ಶ್ರಮಕ್ಕೆ ಸಲ್ಲಬೇಕಾದ ಗೌರವವೆಂದು ಭಾವಿಸಿದ್ದೇನೆ.

ಮೊದಲ ದೃಶ್ಯ ಅಪರೂಪದ್ದು. ಆಷಾಢದಲ್ಲಿ ಹೊಸದೇನನ್ನೂ ಮನೆಗೆ ತರಬಾರದೆಂದು ಜೀವನವಿಡೀ ಹೇಳಿಕೊಂಡು ಬಂದ ತಾಯಿ, ಚಿಕ್ಕಪೇಟೆಯ ಆಷಾಢ ಸೇಲ್‌ನ ನೂಕುನುಗ್ಗಲಿನಲ್ಲಿ ಸೀರೆಯೊಂದನ್ನು ಎದೆಗವಚಿಕೊಂಡು, ‘ಉಡುವುದು ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ತಾನೇ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಆಸೆ ಶಾಸ್ತ್ರವನ್ನು ಮುರಿಯುವುದಿಲ್ಲ, ಅದರ ಪಕ್ಕದಲ್ಲೇ ಕಾಲುದಾರಿ ಮಾಡಿಕೊಳ್ಳುತ್ತದೆ; ವ್ಯಾಪಾರವಿಲ್ಲದ ತಿಂಗಳನ್ನೇ ರಿಯಾಯಿತಿಯ ತಿಂಗಳಾಗಿಸಿಕೊಂಡ ಅಂಗಡಿಯವರಿಗೂ ಆ ದಾರಿ ಗೊತ್ತು. ಇದಿಷ್ಟೂ ಒಂದೇ ಮಾತಿನಲ್ಲಿ ಬಂದಿದೆ. ಓದುವಾಗ ನಕ್ಕೆ, ನಕ್ಕಿದ್ದು ನಮ್ಮ ಮನೆಯ ಬೀರುವನ್ನು ನೆನೆದು.

ಆಮೇಲೆ ನೀವು ನಿಮ್ಮ ಪಾತ್ರಗಳನ್ನು ಪ್ರೀತಿಸುವುದನ್ನು ಬಿಟ್ಟುಬಿಟ್ಟಿದ್ದೀರಿ. ಕೋರಮಂಗಲದ ಮಾಲ್‌ನಲ್ಲಿ ನಾಯಕ ಟಿ.ವಿ.ಯ ಮುಂದೆ ಪೆದ್ದನಂತೆ ಬಾಯಿ ತೆರೆದು ನಿಲ್ಲುತ್ತಾನೆ. ಅವನು ಬಾಲ್ಯದಲ್ಲಿ ನೆರೆಮನೆಯ ಕಿಟಕಿಯ ಹೊರಗೆ ನಿಂತು ಭಾನುವಾರದ ಸಿನಿಮಾ ನೋಡುತ್ತಿದ್ದವನೆಂದು ಆರನೆಯ ಪುಟದಲ್ಲಿ ಬರೆದವರು ನೀವೇ. ಆ ಕಿಟಕಿ ಮಾಲ್‌ನ ದೃಶ್ಯದಲ್ಲಿ ಮತ್ತೆ ಬರಬೇಕಿತ್ತು. ಆ ಟಿ.ವಿ. ನನಗೂ ಬೇಕು ಎಂದು ಪ್ರೇಕ್ಷಕನಿಗೆ ಒಂದು ಕ್ಷಣವಾದರೂ ಅನ್ನಿಸದಿದ್ದರೆ ಅಲ್ಲಿ ಪ್ರಲೋಭನೆಯೇ ಇಲ್ಲ, ಬರೀ ಬೈಗುಳವಿದೆ.

ಮಾಲ್‌ನಲ್ಲಿ ಟಿ.ವಿ. ಮಾರುವ ಹುಡುಗಿಯನ್ನು ಮೋಹಿನಿಯಾಗಿ ಚಿತ್ರಿಸಿದ್ದನ್ನಂತೂ ನಾನು ಒಪ್ಪಲಾರೆ. ತಿಂಗಳ ಟಾರ್ಗೆಟ್ ಮುಟ್ಟಬೇಕಾದ, ದಿನವಿಡೀ ನಿಂತೇ ಇರುವ ಆಕೆಗೂ ಒಂದು ಆಸೆ ಇರಲಿ.

ನಿಮ್ಮ ವಿಡಂಬನೆ ಚುಚ್ಚಬೇಕಾದ ಜಾಗ ಬೇರೆಯೇ ಇದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಆದರೂ ಬಡ್ಡಿಯಿಲ್ಲದ ತಿಂಗಳ ಕಂತು ಎಂದು ಆಸೆ ಹುಟ್ಟಿಸುವ ‘ನೋ ಕಾಸ್ಟ್ ಇಎಂಐ’ ಫಲಕಗಳು ಅಂಗಡಿಗಳಿಂದ ಇಳಿದಿಲ್ಲ: ಬಡ್ಡಿಯಷ್ಟೇ ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ತೋರಿಸಿ, ಆಮೇಲೆ ಕಂತಿನಲ್ಲಿ ಬಡ್ಡಿಯನ್ನು ಸೇರಿಸುತ್ತಾರೆ, ಕಾರ್ಡಿನ ಮೇಲಾದರೆ ಆ ಬಡ್ಡಿಗೆ ಶೇ. 18ರ ಜಿಎಸ್‌ಟಿ ಬೀಳುತ್ತದೆ, ಸಂಸ್ಕರಣಾ ಶುಲ್ಕ ಇದ್ದರೆ ಅದು ಬೇರೆ. ನಿಮ್ಮ ನಾಯಕ ಲೆಕ್ಕಿಗ. ಇಪ್ಪತ್ತು ವರ್ಷ ಇತರರ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಲು ಬಿಡದವನು, ರಾತ್ರಿ ಅಡುಗೆಮನೆಯ ದೀಪದಡಿ ತನ್ನದೇ ಬಿಲ್ಲಿನಲ್ಲಿ ಆ ತೆರಿಗೆಯ ಸಾಲನ್ನು ಕಂಡು, ಹೆಂಡತಿಗೆ ತಿಳಿಯದಂತೆ ಕಾಗದ ಮಡಿಸಿಡುವ ದೃಶ್ಯವನ್ನು ಯೋಚಿಸಿ. ನಗುವೂ ಸಂಕಟವೂ ಅಲ್ಲಿ ಒಟ್ಟಿಗೇ ಹುಟ್ಟುತ್ತವೆ.

ಕೊನೆಯಲ್ಲಿ ಮಾವನ ಬಾಯಿಂದ ವಚನ ಹೇಳಿಸಿ ನಾಯಕನಿಗೆ ಬುದ್ಧಿ ಕಲಿಸಿದ್ದೀರಿ. ಆ ಪುಟವನ್ನು ತೆಗೆದುಹಾಕಿ. ಗಿರವಿ ಅಂಗಡಿಯಲ್ಲಿ ಸರ ತೂಗುತ್ತಿರುವಾಗ ಆ ಅಂಗಡಿಯ ಗೋಡೆಯ ಟಿ.ವಿ.ಯತ್ತ ಅವನ ಕಣ್ಣು ಹೊರಳಿದರೆ ಸಾಕು.

ಮಾಲ್‌ನ ದೃಶ್ಯವನ್ನು ಹುಡುಗಿಯ ಕಡೆಯಿಂದಲೂ ನೋಡಿ ಮತ್ತೆ ಬರೆದು ಕಳುಹಿಸಿ. ಆಷಾಢದ ಸೀರೆಯ ದೃಶ್ಯದಲ್ಲಿ ಮಾತ್ರ ಒಂದು ಅಕ್ಷರವನ್ನೂ ಬದಲಿಸಬೇಡಿ.

ವಿಶ್ವಾಸದಿಂದ,
ಸಂಪಾದಕ, ಬೆಂಗಳೂರು