ಕಬ್ಬು ಕಡಿಯುವವನಿಗೆ ಬಣ್ಣ ಯಾಕಿಲ್ಲ?

ಪ್ರಶ್ನೆ: ಪೋರ್ಟೊ ರಿಕೊದ ರಫಾಯೆಲ್ ತುಫಿನ್ಯೊ ಅವರ ‘ಕಬ್ಬು ಕಡಿಯುವವ’ ಚಿತ್ರವನ್ನು ಮೊಬೈಲಿನಲ್ಲಿ ನೋಡಿದೆ. ಕೆರಿಬಿಯನ್ ದ್ವೀಪ ಅಂದರೆ ನೀಲಿ ಕಡಲು, ಬಣ್ಣಬಣ್ಣದ ಮನೆ ಅಂದುಕೊಂಡಿದ್ದೆ. ಇದು ಬರೀ ಕಪ್ಪು-ಬಿಳುಪು. ಬಣ್ಣಕ್ಕೆ ದುಡ್ಡಿಲ್ಲದೆ ಹೀಗೆ ಮಾಡಿದರಾ? ಈ ಕಲಾವಿದರಲ್ಲಿ ಹಲವರು ಸರ್ಕಾರದ ಸಂಬಳದಲ್ಲಿದ್ದರಂತೆ. ಹಾಗಾದರೆ ಇದು ಪ್ರಚಾರದ ಕೆಲಸ ಅಲ್ವಾ?
— ಓದುಗರು, ಧಾರವಾಡ

ಉತ್ತರ: ದುಡ್ಡಿನ ಮಾತು ಅರ್ಧ ಸರಿ. ಆದರೆ ಕಲಾವಿದರ ಜೇಬಿಗಿಂತ ಕೊಳ್ಳುವವರ ಜೇಬು ಇಲ್ಲಿ ಮುಖ್ಯ. 1950ರಲ್ಲಿ ತುಫಿನ್ಯೊ, ಲೊರೆನ್ಸೊ ಓಮಾರ್ ಮತ್ತು ಕೆಲವು ಗೆಳೆಯರು ಸಾನ್ ಹ್ವಾನ್ ನಗರದಲ್ಲಿ ತಮ್ಮದೇ ಒಂದು ಕಲಾ ಕೇಂದ್ರ ಕಟ್ಟಿದರು. ಮರುವರ್ಷವೇ ಅಚ್ಚುಚಿತ್ರಗಳ ಒಂದು ಸಂಪುಟ ತಂದರು. ಎಣ್ಣೆಬಣ್ಣದ ಒಂದು ಚಿತ್ರ ಒಬ್ಬರ ಗೋಡೆ ಸೇರುತ್ತದೆ, ಅಚ್ಚಾದರೆ ಹಲವು ಮನೆಗಳಿಗೆ ಹೋಗುತ್ತದೆ. ಅವರ ಲೆಕ್ಕ ಅದು.

ಬಣ್ಣ ಬರುತ್ತಿರಲಿಲ್ಲ ಅಂತಲ್ಲ. ತುಫಿನ್ಯೊ 1953ರಲ್ಲಿ ತಮ್ಮ ತಾಯಿಯನ್ನು ‘ಗೊಯೀತಾ’ ಎಂಬ ಎಣ್ಣೆಬಣ್ಣದ ಚಿತ್ರದಲ್ಲಿ ಬರೆದರು. ತಲೆಗೆ ಬಟ್ಟೆ ಕಟ್ಟಿದ ದುಡಿಯುವ ಹೆಂಗಸು, ಚಿತ್ರದ ತುಂಬಾ ಅವರ ಮುಖವೇ. ಕಬ್ಬಿನ ಕೂಲಿಯವನನ್ನು ತೋರಿಸುವಾಗ ಮಾತ್ರ ಅದೇ ಕೈ ಲಿನೋಲಿಯಂ ಹಿಡಿಯಿತು.

ಲಿನೋಲಿಯಂ ಅಂದರೆ ನೆಲಕ್ಕೆ ಹಾಸುವ ವಸ್ತುವೇ. ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಮಾಡುತ್ತಾರೆ. ಮರಕ್ಕೆ ನಾರಿನ ದಿಕ್ಕು ಇರುತ್ತದೆ. ಅದಕ್ಕೆ ಎದುರಾಗಿ ಉಳಿ ಹೊಡೆದರೆ ಸಿಗುರು ಏಳುತ್ತದೆ. ಲಿನೋಲಿಯಂಗೆ ಆ ತಕರಾರಿಲ್ಲ, ಯಾವ ಕಡೆಗೆ ಬೇಕಾದರೂ ಕೆತ್ತಬಹುದು. ಕೆತ್ತಿ ತೆಗೆದ ಜಾಗ ಕಾಗದದ ಮೇಲೆ ಬಿಳಿ, ಉಳಿದದ್ದು ಕಪ್ಪು. ಚಿತ್ರ ಎಡ-ಬಲ ತಿರುಗಿ ಮೂಡುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೆತ್ತಬೇಕು. ಬೂದು ಬಣ್ಣ ಬೇಕಾದರೆ ಸಣ್ಣ ಸಣ್ಣ ಗೀರುಗಳನ್ನು ಒತ್ತಾಗಿ ಎಳೆಯಬೇಕು, ಬೇರೆ ದಾರಿಯಿಲ್ಲ. ಕಬ್ಬಿನ ಗದ್ದೆಯ ಬಿಸಿಲು, ಚೂಪು ಗರಿ, ಬಾಗಿದ ಬೆನ್ನು ಇವಕ್ಕೆಲ್ಲ ಈ ಒರಟು ಗೀರು ಚೆನ್ನಾಗಿ ಒಪ್ಪುತ್ತದೆ. ಜಲವರ್ಣದಲ್ಲಿ ಬರೆದಿದ್ದರೆ ಅದೇ ಗದ್ದೆ ಪ್ರವಾಸಿಗರ ಪೋಸ್ಟ್‌ಕಾರ್ಡ್ ಆಗಿಬಿಡುತ್ತಿತ್ತು ಅಂತ ನನಗನ್ನಿಸುತ್ತದೆ.

ಇನ್ನು ಸರ್ಕಾರದ ಸಂಬಳ. ಅದು ನಿಜ. 1949ರಲ್ಲಿ ಅಲ್ಲಿನ ಸರ್ಕಾರ ಸಮುದಾಯ ಶಿಕ್ಷಣಕ್ಕೆಂದೇ ಒಂದು ವಿಭಾಗ ಶುರು ಮಾಡಿತು. ಹಳ್ಳಿ ಹಳ್ಳಿಗೆ ಹೋಗಿ ಸಿನಿಮಾ ತೋರಿಸುವುದು, ಪುಟ್ಟ ಪುಸ್ತಕ ಹಂಚುವುದು, ಪೋಸ್ಟರ್ ಅಂಟಿಸುವುದು ಅದರ ಕೆಲಸ. ಪೋಸ್ಟರ್ ಕಾರ್ಯಾಗಾರ ಕಟ್ಟಿ, ಸಿಲ್ಕ್‌ಸ್ಕ್ರೀನ್ (ಬಟ್ಟೆಯ ಜಾಲರಿಯ ಮೂಲಕ ಬಣ್ಣ ಒತ್ತುವ ಮುದ್ರಣ) ಕಲಿಸಿದವರು ಐರೀನ್ ಡೆಲಾನೊ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಟೆನ್ಸಿಲ್, ಒಂದು ಒಣಗಿದ ಮೇಲೆ ಇನ್ನೊಂದು. ತುಂಬಾ ತಾಳ್ಮೆಯ ಕೆಲಸ. ಓಮಾರ್ ಅದಕ್ಕೂ ಮೊದಲು ನ್ಯೂಯಾರ್ಕಿನ ಕಾರ್ಟಿಯೇ ಒಡವೆ ಕಂಪನಿಯಲ್ಲಿ ವಿನ್ಯಾಸಗಾರರಾಗಿದ್ದವರು. ಅವರ ಪೋಸ್ಟರ್‌ಗಳ ಅಕ್ಷರ ನೋಡಿ, ಆ ಕಸುಬಿನ ಕೈ ಗೊತ್ತಾಗುತ್ತದೆ.

ಅಲ್ಲಿ ಪ್ರಚಾರವೇ ಇರಲಿಲ್ಲ ಅನ್ನಲಾರೆ. ಸರ್ಕಾರ ಹೇಳಬೇಕೆಂದದ್ದನ್ನೇ ಆ ಪೋಸ್ಟರ್‌ಗಳು ಹೇಳಿದವು. ಆದರೆ ಹಗಲು ಅಲ್ಲಿ ದುಡಿದವರು ತಮ್ಮ ಸ್ವಂತ ಕೆಲಸದಲ್ಲಿ ಬೇರೆಯದನ್ನೇ ಕೆತ್ತಿದರು. ಕಾರ್ಲೋಸ್ ರಾಕೆಲ್ ರಿವೇರಾ ಅದೇ ವಿಭಾಗದಲ್ಲಿದ್ದವರು. 1955ರಲ್ಲಿ ‘ಉತ್ತರದ ಚಂಡಮಾರುತ’ ಎಂಬ ಲಿನೋಕಟ್, ಅಂದರೆ ಲಿನೋಲಿಯಂ ಅಚ್ಚುಚಿತ್ರ, ಮಾಡಿದರು. ಅದರಲ್ಲಿ ಹಣದ ಚೀಲ ಹಿಡಿದ ಅಸ್ಥಿಪಂಜರವೊಂದು ಹಾರಿ ಬರುತ್ತದೆ. ಪೋರ್ಟೊ ರಿಕೊ ಅಮೆರಿಕದ ಹಿಡಿತದಲ್ಲಿರುವ ದ್ವೀಪ, ಹಾಗಾಗಿ ಉತ್ತರ ಅಂದರೆ ಅಮೆರಿಕ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆಗ ಜಾರಿಯಲ್ಲಿದ್ದ 1948ರ ಒಂದು ಕಾನೂನಿನಡಿ, 1952ರಲ್ಲಿ ಅಧಿಕೃತವಾಗುವವರೆಗೂ ಪೋರ್ಟೊ ರಿಕೊದ ಬಾವುಟ ಹಾರಿಸುವುದೂ ಅಪರಾಧವಾಗಿತ್ತು. ಆ ಕಾನೂನು ರದ್ದಾದದ್ದು 1957ರಲ್ಲಿ. ಇಂಥ ಕಾಲದಲ್ಲಿ ಸರ್ಕಾರಿ ನೌಕರನೊಬ್ಬ ಈ ಚಿತ್ರ ಕೆತ್ತಿದ. ಸಂಬಳದ ಚೀಟಿ ನೋಡಿ ಕಲೆಗೆ ಅಂಕ ಕೊಡೋದು ಬೇಡ ಅಂತ ನಾನು ಹೇಳೋದು ಇದಕ್ಕೇ.

ನಿಮಗೆ ಇನ್ನೂ ನೋಡಬೇಕೆನಿಸಿದರೆ ‘ಪ್ಲೇನಾ’ ಸಂಪುಟದಿಂದ ಶುರು ಮಾಡಿ. 1950ರ ದಶಕದ ಮೊದಲರ್ಧದ್ದು. ಓಮಾರ್ ಮತ್ತು ತುಫಿನ್ಯೊ ಸೇರಿ ಮಾಡಿದ 12 ಲಿನೋಕಟ್‌ಗಳು. ಪ್ಲೇನಾ ಅನ್ನೋದು ಅಲ್ಲಿನ ಬಡಕೇರಿಗಳ ಹಾಡು. ಊರಿನ ಸುದ್ದಿಯನ್ನೇ ಹಾಡುವುದರಿಂದ ಅದಕ್ಕೆ ‘ಹಾಡುವ ಪತ್ರಿಕೆ’ ಅಂತಾರೆ. ಬಿರುಗಾಳಿ ಬಂತು, ಎಲೇನಾಗೆ ಚಾಕು ಹಾಕಿ ಆಸ್ಪತ್ರೆಗೆ ಸೇರಿಸಿದರು, ಅಮೆರಿಕನ್ ಒಬ್ಬನನ್ನು ಶಾರ್ಕ್ ತಿಂದುಹಾಕಿತು, ಇಂಥವು. ಕೊನೆಯದರಲ್ಲಿ ದುಃಖಕ್ಕಿಂತ ಕುಚೋದ್ಯವೇ ಜಾಸ್ತಿ! ಸಾಮಾಜಿಕ ಕಲೆ ಅಂದರೆ ಸದಾ ಗಂಟುಮುಖ ಅಂದುಕೊಂಡವರು ಇವನ್ನು ನೋಡಲೇಬೇಕು.

ಪ್ರಶ್ನೆ: ಇವರ ಪೋಸ್ಟರ್ ಎಂದು ಆನ್‌ಲೈನಿನಲ್ಲಿ ಮಾರಾಟಕ್ಕಿರುವುದು ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?
— ಓದುಗರು, ಮೈಸೂರು

ಉತ್ತರ: ಬರೀ ಫೋಟೊ ನೋಡಿ ಹೇಳಲು ಆಗಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಲೆನ್ಸ್ ಇಟ್ಟುಕೊಂಡು, ಕಾಗದವನ್ನೇ ನೋಡಬೇಕು. ಸಾಲುಸಾಲಾಗಿ ಪುಟ್ಟ ಚುಕ್ಕಿಗಳು ಕಂಡರೆ ಅದು ಫೋಟೊದಿಂದ ಮಾಡಿದ ಮರುಮುದ್ರಣ. ಆ ಕಾಲದ ಸಿಲ್ಕ್‌ಸ್ಕ್ರೀನಿನಲ್ಲಿ ಬಣ್ಣ ತುಂಡಾಗದೆ ಗಟ್ಟಿಯಾಗಿ ಕೂತಿರುತ್ತದೆ. ಓರೆ ಬೆಳಕಿನಲ್ಲಿ ಹಿಡಿದರೆ ಒಂದು ಬಣ್ಣದ ಮೇಲೆ ಇನ್ನೊಂದು ಏರಿರುವ ಅಂಚು ಕಾಣುತ್ತದೆ. ಪೆನ್ಸಿಲ್ ಸಹಿ, 12/50 (50 ಪ್ರತಿಗಳಲ್ಲಿ 12ನೆಯದು) ಥರದ ಸಂಖ್ಯೆ ಇಲ್ಲವೆಂದು ನಕಲಿ ಅಂದುಬಿಡಬೇಡಿ. ಗೋಡೆಗೆ ಅಂಟಿಸಲೆಂದೇ ಮಾಡಿದ ಪೋಸ್ಟರ್‌ಗೆ ಅದೆಲ್ಲ ಇರಬೇಕೆಂದೇನೂ ಇಲ್ಲ. ಮಾರುವವರು ಹತ್ತಿರದಿಂದ ತೆಗೆದ ಫೋಟೊ ಕಳಿಸಲು ಹಿಂದೆಮುಂದೆ ನೋಡಿದರೆ ಆ ವ್ಯಾಪಾರ ಬಿಟ್ಟುಬಿಡಿ.