ಸೆಲ್ಸ್‌ಲಿಯ ಚರ್ಚಿನ ಬಗ್ಗೆ ಕೇಳಿದ್ದೀರಿ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಸ್ಟ್ರೌಡ್‌ನಲ್ಲಿ ಕೆಲಸ ಸಿಕ್ಕಿದೆ, ಪಕ್ಕದ ಸೆಲ್ಸ್‌ಲಿ ಹಳ್ಳಿಯಲ್ಲಿ ಹಳೆಯ ಕಲ್ಲಿನ ಮನೆಯೊಂದು ಬಾಡಿಗೆಗೆ ಗೊತ್ತಾಗಿದೆ ಎಂದು ಬರೆದಿದ್ದೀರಿ. ಚಳಿ ಎಷ್ಟಿರುತ್ತದೆ, ಮಕ್ಕಳ ಶಾಲೆ ಹೇಗೆ, ಗುಡ್ಡದ ಮೇಲೆ ಕಾಣುವ ಚರ್ಚು ಎಷ್ಟು ಹಳೆಯದು, ಹಿಂದೂಗಳಾದ ನಾವು ಅದರೊಳಗೆ ಹೋಗಬಹುದೇ ಎಂದು ಕೇಳಿದ್ದೀರಿ. ಚಳಿಯನ್ನು ತಡೆದುಕೊಳ್ಳಬಹುದು, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕವಿಯುವ ಕತ್ತಲೆಗೆ ಒಗ್ಗಿಕೊಳ್ಳುವುದು ಅದಕ್ಕಿಂತ ಕಷ್ಟ. ಶಾಲೆಗಳ ವಿವರ ಕೌಂಟಿ ಕೌನ್ಸಿಲ್‌ನಲ್ಲಿ ಸಿಗುತ್ತದೆ, ವಿಳಾಸ ಖಚಿತವಾದ ಕೂಡಲೇ ವಿಚಾರಿಸಿ. ಚರ್ಚಿನ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ಬಂದ ಮೊದಲ ಚಳಿಗಾಲದಲ್ಲಿ, ಬಾಗಿಲು ತೆರೆದಿದ್ದುದನ್ನು ಕಂಡು ಹತ್ತಿರ ಹೋದವನು, ಬೂಟು ಬಿಡಲು ಎಲ್ಲಿ ಜಾಗವಿದೆಯೆಂದು ಹುಡುಕುತ್ತ ಹೊಸ್ತಿಲಲ್ಲೇ ನಿಂತಿದ್ದೆ. ಒಳಗೆ ಹೂವು ಜೋಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು, ನೆಲ ತಣ್ಣಗಿದೆ, ಹಾಕಿಕೊಂಡೇ ಬನ್ನಿ ಎಂದರು. ನೀವೂ ಹಾಗೆಯೇ ಹೋಗಿ. ಚರ್ಚ್ ಆಫ್ ಇಂಗ್ಲೆಂಡ್‌ನ ವ್ಯವಸ್ಥೆಯಲ್ಲಿ ಒಂದು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಒಳಪಟ್ಟ ಪ್ರದೇಶದ, ಗಡಿಯೊಳಗೆ ವಾಸಿಸುವವರು ಯಾವ ಮತದವರಾದರೂ ಆ ಪ್ಯಾರಿಷ್‌ಗೆ ಸೇರಿದವರೇ. ಗಂಡಸರು ಟೋಪಿ ತೆಗೆದರೆ ಸಾಕು. ಪೂಜೆಯ ಹೊತ್ತಿಗೆ ಹೋದರೆ, ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವಾಗ ಕುಳಿತಲ್ಲೇ ಇರಿ. ಯಾರೂ ತಪ್ಪು ತಿಳಿಯುವುದಿಲ್ಲ.

ಹೊಯ್ಸಳರ ನಾಡಿನಿಂದ ಬರುವ ನಮ್ಮ ಕಣ್ಣಿಗೆ ಆಲ್ ಸೇಂಟ್ಸ್ ಎಂಬ ಈ ಚರ್ಚು ನೂರಾರು ವರ್ಷ ಹಳೆಯದೆಂದು ತೋರಿದರೂ, ಅದನ್ನು ಕಟ್ಟಿದ್ದು 1861–62ರಲ್ಲಿ. ಕಟ್ಟಿಸಿದವರು ಉಣ್ಣೆಬಟ್ಟೆಯ ಗಿರಣಿಗಳ ಒಡೆಯ ಸ್ಯಾಮ್ಯುಯೆಲ್ ಮಾರ್ಲಿಂಗ್. ಈ ಕಣಿವೆಗಳು ಸೈನಿಕರ ಕೆಂಪು ಅಂಗಿಯ ಬಟ್ಟೆಗೆ ಹೆಸರಾಗಿದ್ದವು, ಮತ್ತು ನಮ್ಮನ್ನಾಳಿದ ಈಸ್ಟ್ ಇಂಡಿಯಾ ಕಂಪನಿಯೇ ಒಂದು ಕಾಲಕ್ಕೆ ಇಲ್ಲಿಯ ದೊಡ್ಡ ಗಿರಾಕಿಯಾಗಿತ್ತು. ಮಾರ್ಲಿಂಗ್ ಅವರ ಎಬ್ಲಿ ಗಿರಣಿಯಲ್ಲೇ ಈಗ ಡಿಸ್ಟ್ರಿಕ್ಟ್ ಕೌನ್ಸಿಲ್ ಕಚೇರಿಯಿದೆ. ನೀವು ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಅಲ್ಲಿಗೆ. ಅದರ ಗಡಿಯಾರದ ಗೋಪುರವನ್ನೂ ಈ ಚರ್ಚನ್ನೂ ರೂಪಿಸಿದವರು ವಾಸ್ತುಶಿಲ್ಪಿ ಜಾರ್ಜ್ ಫ್ರೆಡರಿಕ್ ಬಾಡ್ಲಿ. ಹಿಂದಿನ ತಲೆಮಾರಿನಲ್ಲಿ ವಾಸ್ತುಶಿಲ್ಪಿ ಪ್ಯೂಜಿನ್ ಅವರೂ ಚರ್ಚುಗಳ ವಾಸ್ತುವನ್ನು ಅಧ್ಯಯನ ಮಾಡುತ್ತಿದ್ದ ಕೇಂಬ್ರಿಡ್ಜ್ ಕ್ಯಾಮ್ಡನ್ ಸೊಸೈಟಿಯವರೂ ಮೊನಚು ಕಮಾನುಗಳ ಮಧ್ಯಯುಗದ ಗಾಥಿಕ್ ಶೈಲಿಯೊಂದೇ ಚರ್ಚಿಗೆ ತಕ್ಕದ್ದೆಂದು ಸಾರಿದ್ದರು. ಬಾಡ್ಲಿ ಇಲ್ಲಿ ಫ್ರಾನ್ಸಿನ ಆರಂಭಕಾಲದ ಗಾಥಿಕ್ಕಿನ ಕಡೆಗೆ ವಾಲಿ, ಅಲಂಕಾರ ತಗ್ಗಿಸಿ, ಗಟ್ಟಿಯಾದ ಸರಳ ಗೋಡೆಗಳನ್ನೆಬ್ಬಿಸಿದರು. ಗೋಪುರಕ್ಕೆ ಮೊನೆಯಿಲ್ಲ, ಮನೆಯ ಮಾಡಿನಂತೆ ಎರಡು ಕಡೆ ಇಳಿಜಾರಾದ ಸೂರಿದೆ. ಆಲ್ಪ್ಸ್ ಪರ್ವತಗಳ ಟೈರಾಲ್ ಪ್ರದೇಶದ ಮಾರ್ಲೆಂಗೋ ಎಂಬ ಊರಿನ ಚರ್ಚನ್ನು ಮೆಚ್ಚಿದ ಮಾರ್ಲಿಂಗ್ ಅದರಂತೆಯೇ ಬೇಕೆಂದರು ಎಂಬ ಮಾತಿದೆ.

ಒಳಗೆ ನೋಡಬೇಕಾದದ್ದು ಬಣ್ಣದ ಗಾಜು. ಕವಿಯೂ ವಿನ್ಯಾಸಕಾರರೂ ಆಗಿದ್ದ ವಿಲಿಯಂ ಮಾರಿಸ್ 1861ರಲ್ಲಿ ಗೆಳೆಯರೊಡನೆ ಆರಂಭಿಸಿದ ಸಂಸ್ಥೆ ಚರ್ಚಿಗಾಗಿ ಮಾಡಿದ ಮೊತ್ತಮೊದಲ ಕೆಲಸಗಳಲ್ಲಿ ಇದೊಂದು. ಬರ್ನ್-ಜೋನ್ಸ್, ರೊಸೆಟ್ಟಿ, ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಇವರೆಲ್ಲ ಚಿತ್ರ ಬರೆದುಕೊಟ್ಟರು. ಕಿಟಕಿಗಳ ಒಟ್ಟು ವಿನ್ಯಾಸ ವಾಸ್ತುಶಿಲ್ಪಿ ಫಿಲಿಪ್ ವೆಬ್ ಅವರದು. ಆ ಕಾಲದ ಅನೇಕ ಕಿಟಕಿಗಳು ಬಣ್ಣ ತುಂಬಿ ಕತ್ತಲು ಕವಿಸುತ್ತವೆ. ಇಲ್ಲಿ ಹಾಗಲ್ಲ, ಚಿತ್ರಗಳು ನಡುವೆ ಪಟ್ಟಿಯಾಗಿ ಸಾಗುತ್ತವೆ, ಮೇಲೂ ಕೆಳಗೂ ತಿಳಿಬಣ್ಣದ ಗಾಜು, ಆದ್ದರಿಂದ ಮೋಡದ ದಿನವೂ ಒಳಗೆ ಬೆಳಕಿರುತ್ತದೆ. ಹತ್ತಿರ ನಿಂತು ಸೀಸದ ಪಟ್ಟಿಗಳನ್ನು ಗಮನಿಸಿ: ಗಾಜಿನ ತುಂಡುಗಳನ್ನು ಹಿಡಿದಿಡುವ ಆ ಕಪ್ಪು ಗೆರೆಯೇ ತೋಳಿನ ಅಂಚಾಗಿ, ಸೆರಗಿನ ಮಡಿಕೆಯಾಗಿ ಚಿತ್ರದಲ್ಲಿ ಸೇರಿಕೊಂಡಿದೆ. ಪೂರ್ವದ ಕಿಟಕಿಗಳಿಗೆ ಬೆಳಗಿನ ಹೊತ್ತು, ಸೃಷ್ಟಿಯ ಕಥೆ ಹೇಳುವ ಪಶ್ಚಿಮದ ದುಂಡು ಕಿಟಕಿಗೆ ಸಂಜೆ ಒಳ್ಳೆಯದು.

ಇದೇ ಮಾರಿಸ್ 1877ರಲ್ಲಿ, ಇದೇ ಗ್ಲಾಸ್ಟರ್‌ಶೈರಿನ ಟ್ಯೂಕ್ಸ್‌ಬರಿಯ ಹಳೆಯ ಚರ್ಚನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆಡಿಸುತ್ತಿದ್ದಾರೆಂದು ಪತ್ರಿಕೆಗೆ ಬರೆದು, ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಹಾಗೆ ಜೀರ್ಣೋದ್ಧಾರವಾಗುತ್ತಿರುವ ಪುರಾತನ ಚರ್ಚುಗಳಿಗೆ ಇನ್ನು ಮುಂದೆ ಗಾಜು ಕೊಡುವುದಿಲ್ಲವೆಂದು ತಮ್ಮ ವ್ಯಾಪಾರವನ್ನೇ ಮೊಟಕು ಮಾಡಿಕೊಂಡರು. ಇದನ್ನು ತಿಳಿದಾಗಿನಿಂದ ನನಗೆ ನಮ್ಮೂರಿನ ಈಶ್ವರ ದೇವಸ್ಥಾನದ ನೆನಪು ಬಿಡುವುದಿಲ್ಲ. ಅದರ ನವರಂಗದ ಚಪ್ಪಡಿಗಳ ಮೇಲೆ ಅಡ್ಡಬಿದ್ದ ಭಕ್ತರ ಗೆರೆಚಿತ್ರಗಳಿದ್ದವು, ಕೆಲವುದರ ಪಕ್ಕದಲ್ಲಿ ಹೆಸರುಗಳೂ ಇದ್ದವು. ದೇವರಿಗೆ ಬಂದವರ ಪಾದ ಸೋಕಲೆಂದೇ ಅವರು ಅಲ್ಲಿ ಮಲಗಿದ್ದಾರೆ ಎಂದು ಅಜ್ಜಿ ಹೇಳುತ್ತಿದ್ದರು. ನಾನು ಇಲ್ಲಿದ್ದ ವರ್ಷಗಳಲ್ಲಿ ಆ ನೆಲದ ಮೇಲೆ ನುಣುಪಾದ ಗ್ರಾನೈಟ್ ಹಾಸಿದರು, ಕಡೆದ ಕಂಬಗಳಿಗೆ ಎನಾಮಲ್ ಬಣ್ಣ ಬಳಿದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಭಕ್ತಿಯಿಂದಲೇ ಮಾಡಿದರು. ಕುಂಭಾಭಿಷೇಕವನ್ನು ಫೋನಿನಲ್ಲಿ ನೋಡಿದ ನನಗೆ ಅಜ್ಜಿ ತೋರಿಸಿದ ಒಂದು ಚಪ್ಪಡಿಯೂ ಕಾಣಲಿಲ್ಲ. ಊರಿನಲ್ಲಿದ್ದಿದ್ದರೆ ತಡೆಯುತ್ತಿದ್ದೆನೋ ಇಲ್ಲವೋ, ಒಂದು ಮಾತನ್ನಾದರೂ ಆಡುತ್ತಿದ್ದೆ. ದೂರದಲ್ಲಿ ನೆಲೆಸಿದವನಿಗೆ ಊರಿನ ಸಭೆಯಲ್ಲಿ ಕೂರುವ ಹಕ್ಕು ತಾನಾಗಿಯೇ ಸವೆದುಹೋಗುತ್ತದೆ. ಆದ್ದರಿಂದ ಹೊರಡುವ ಮೊದಲು ನಿಮ್ಮೂರಿನ ಗುಡಿಯ ನೆಲ, ಕಂಬ, ಶಾಸನಗಳ ಫೋಟೋ ತೆಗೆದಿಟ್ಟುಕೊಳ್ಳಿ. ಇದು ನನ್ನ ವಿನಂತಿ.

ಇಲ್ಲಿ ಚರ್ಚಿನೊಳಗೆ ಒಂದು ಬೆಂಚನ್ನು ಶಾಶ್ವತವಾಗಿ ತೆಗೆಯಬೇಕಾದರೂ ಫ್ಯಾಕಲ್ಟಿ ಎಂಬ ಚರ್ಚಿನ ಆಡಳಿತದ ಅನುಮತಿ ಬೇಕು, ಮತ್ತು ಐದು ವರ್ಷಕ್ಕೊಮ್ಮೆ ಅರ್ಹ ತಜ್ಞರೊಬ್ಬರು ಕಟ್ಟಡವನ್ನು ಪರಿಶೀಲಿಸಿ ವರದಿ ಕೊಡಬೇಕು. ಆದರೆ ರಿಪೇರಿಯ ಖರ್ಚಿನ ಹೆಚ್ಚಿನ ಭಾರ ಊರಿನವರ ಮೇಲೆಯೇ ಬೀಳುತ್ತದೆ. ನೋಡಲು ಹೋದಾಗ ಕಾಣಿಕೆ ಡಬ್ಬಿಗೆ ಏನಾದರೂ ಹಾಕಿ ಬನ್ನಿ.

ನಿಮ್ಮ ಮನೆಗೂ ಇಂಥ ಕಟ್ಟುಪಾಡು ಇರಬಹುದು. ಅದು ಲಿಸ್ಟೆಡ್, ಅಂದರೆ ಕಾನೂನಿನ ರಕ್ಷಣೆಯ ಪಟ್ಟಿಗೆ ಸೇರಿದ, ಕಟ್ಟಡವಾಗಿದ್ದರೆ ಹಳೆಯ ಒಂಟಿ ಗಾಜಿನ ಕಿಟಕಿಯನ್ನು ಬದಲಿಸುವುದು ಮಾಲೀಕರಿಗೂ ಸುಲಭವಲ್ಲ, ಚಳಿಗಾಲದ ಹೀಟಿಂಗ್ ಬಿಲ್ಲು ನಿಮ್ಮ ಅಂದಾಜನ್ನು ಮೀರುತ್ತದೆ. ಕರಾರಿಗೆ ಸಹಿ ಹಾಕುವ ಮುನ್ನ ಕಳೆದ ಚಳಿಗಾಲದ ಬಿಲ್ಲು ಕೇಳಿ ಪಡೆದು, ನನಗೂ ಒಂದು ಪ್ರತಿ ಕಳುಹಿಸಿ.